ಮನೆತನದ ನೆನಪಿನ ಪುಸ್ತಕಕ್ಕೆ ಮೈಸೂರಿನ ಒಂದು ಡಿಟಿಪಿ ಅಂಗಡಿ: ಫೋಟೊ ಚೆನ್ನ, ಪ್ರೂಫ್ ನೀವೇ ನೋಡಿ

ಅಗ್ರಹಾರದ ಕಡೆಯ ಈ ಅಂಗಡಿಯಲ್ಲಿ ಲಗ್ನಪತ್ರಿಕೆಯ ಜೊತೆಗೆ ಮನೆತನದ, ಊರಿನ ನೆನಪು ಬರೆದವರ ಪುಸ್ತಕವನ್ನೂ 50–100 ಪ್ರತಿ ಮಾಡಿಕೊಡುತ್ತಾರೆ. ಇಲ್ಲಿ ನೋಡುತ್ತಿರುವುದು 1/8 ಡೆಮಿ ಅಳತೆಯ (ಮಾಮೂಲಿ ಕಾದಂಬರಿಯಷ್ಟು), 128 ಪುಟದ ಒಂದು ಪುಸ್ತಕ.

ಫೋಟೊ ಕೆಲಸಕ್ಕೆ ಎರಡು ಮಾತಿಲ್ಲ. ಅಂಗೈಯಗಲದ ಹಳೇ ಫೋಟೊವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡುತ್ತಾರೆ. ಎರಡರಷ್ಟು ದೊಡ್ಡದು ಮಾಡಿದರೂ ಅಚ್ಚಿಗೆ ಬೇಕಾದ 300 ಉಳಿಯುತ್ತದೆ. ಕಟ್ಟಿನ ಗಾಜಿಗೆ ಅಂಟಿಕೊಂಡದ್ದನ್ನು ಕೀಳುವುದಿಲ್ಲ. ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ, ಹಾಗಾಗಿ ಗಾಜಿನ ಸಮೇತವೇ ಸ್ಕ್ಯಾನ್. ಮ್ಯಾಪ್‌ಲಿಥೊ ಎಂಬ ನುಣುಪು ಲೇಪವಿಲ್ಲದ ಕಾಗದದ ಮೇಲೆ ನೆರಳೆಲ್ಲ ಗಟ್ಟಿ ಕಪ್ಪಾಗುತ್ತದೆಂದು ಮೊದಲೇ ಸ್ವಲ್ಪ ತಿಳಿ ಮಾಡಿರುತ್ತಾರೆ.

ಎಡವುವುದು ಅಕ್ಷರದಲ್ಲಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು ಉದುರಿಹೋಗಿ ‘ಹೊಂಟ್‌ಬುಟ್ರು’ ಅನ್ನುವುದು ‘ಹೊಂಟ್ಬುಟ್ರು’ ಆಗುತ್ತದೆ. ಮಾತಿನ ಧಾಟಿಯಲ್ಲಿ ಬರೆದ ಪುಸ್ತಕದಲ್ಲಿ ಇಂಥವು ಪುಟಕ್ಕೆ ಹತ್ತು. ಒಂದೊಂದೇ ಹುಡುಕಿ ತಿದ್ದಬೇಕು, ಬೇರೆ ದಾರಿಯಿಲ್ಲ.

ಅದಕ್ಕಿಂತ ಸಿಟ್ಟು ಬರಿಸುವುದು ಕರಡು ತಿದ್ದುವವರ ಅತಿಬುದ್ಧಿ. ಮಂಡ್ಯದ ಅಜ್ಜಿ ‘ಹೈಕ್ಳು ಅಟ್ಟೀಲಿ ಅವೆ’ ಅಂದದ್ದು ‘ಮಕ್ಕಳು ಮನೆಯಲ್ಲಿದ್ದಾರೆ’ ಎಂದು ಅಚ್ಚಾದರೆ ಅವರು ಯಾವ ಊರಿನ ಅಜ್ಜಿ? ಹಸ್ತಪ್ರತಿಯ ಜೊತೆಗೇ ‘ಮುಟ್ಟಬಾರದ ಪದ’ಗಳ ಪಟ್ಟಿ ಕೊಡಿ: ಅವ್ವ, ಅಟ್ಟಿ, ಹೈಕ್ಳು, ಐತೆ, ಸಂಬಂಧದ ಹೆಸರುಗಳೆಲ್ಲ. ನಿರೂಪಣೆಯಲ್ಲಿ ಕಾಗುಣಿತ ತಿದ್ದಲಿ, ಉದ್ಧರಣ ಚಿಹ್ನೆಯೊಳಗೆ ಕೈ ಹಾಕುವುದು ಬೇಡ ಎಂದು ಬರೆದೇ ಕೊಡಿ.

ಆದರೆ ಇದೇ ಜನ ಇಸವಿ ಹಿಡಿಯುವುದರಲ್ಲಿ ಗಟ್ಟಿಗರು. ‘1935ರಲ್ಲಿ ಮಂಡ್ಯ ಜಿಲ್ಲೆಗೆ ವರ್ಗವಾಯಿತು’ ಎಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲ್ ಗುರುತು: ಜಿಲ್ಲೆಯಾದದ್ದು 1939ರಲ್ಲಿ. 1950ರ ಸಂತೆಯಲ್ಲಿ ‘25 ಪೈಸೆ’ ಎಂದಿದ್ದರೆ ನಾಲ್ಕಾಣೆ ಎಂದು ಕೇಳುತ್ತಾರೆ, ಏಕೆಂದರೆ ನಯಾಪೈಸೆ ಬಂದದ್ದು 1957ರಲ್ಲಿ. ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು ಅನ್ನುವುದೂ ಅವರಿಗೆ ಗೊತ್ತು.

ವಂಶವೃಕ್ಷ ಕೆಟ್ಟಿದೆ. ಎದುರುಬದುರು ಎರಡು ಪುಟಕ್ಕೆ ಹರಡಿ, ನಡುವಿನ ತಲೆಮಾರನ್ನೇ ಬೈಂಡಿಂಗ್ ನುಂಗಿದೆ. ಒಳಬದಿಗೆ 20 ಮಿ.ಮೀ. ಖಾಲಿ ಬಿಡಿಸಿ, ಇಲ್ಲವೇ ಮಡಿಚುವ ಹಾಳೆ ಹಾಕಿಸಿ.

128 ಪುಟವೆಂದರೆ 64 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಬೆನ್ನು ಸುಮಾರು 6 ಮಿ.ಮೀ. ಅಷ್ಟಕ್ಕೆ ಬರೀ ಅಂಟು ಹಾಕಿದ್ದಾರೆ. ನೆಂಟರಿಷ್ಟರ ಕೈಯಲ್ಲಿ ನಾಲ್ಕು ಸಲ ಅಗಲಿಸಿ ಹಿಡಿದರೆ ಹಾಳೆ ಕಳಚುತ್ತದೆ. ಹೊಲಿಗೆ ಬೈಂಡಿಂಗ್ ಕೇಳಿ, ಮಾಡಿಕೊಡುತ್ತಾರೆ. ಅದಕ್ಕೆ 16 ಪುಟದ ಫಾರಂ (ಒಟ್ಟಿಗೆ ಮಡಿಚಿ ಹೊಲಿಯುವ ಕಟ್ಟು) ಲೆಕ್ಕ, 132 ಪುಟವಾದರೆ ನಾಲ್ಕು ಪುಟ ಇಳಿಸಿಕೊಳ್ಳಿ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕಾ ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಮನೆಮಂದಿಗೆ ಹಂಚುವ ಪುಸ್ತಕಕ್ಕೆ ಅದು ಬೇಕಿಲ್ಲ. ಬೇಕಿದ್ದರೂ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ.