ಸಂಬಳ ಏರಿತು, ಹಲ್ಲಿನ ರಕ್ಷಣೆ ಹೋಯಿತು: ಇಎಸ್‌ಐ ಮತ್ತು ಮಾಲೀಕರ ಗುಂಪು ವಿಮೆ, ಎರಡನ್ನೂ ಬಳಸಿದ ಮೇಲೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆರು ವರ್ಷ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ಅಡಿಯಲ್ಲಿದ್ದು, ಸಂಬಳ ಅದರ ಮಿತಿಯಾದ ತಿಂಗಳಿಗೆ 21,000 ರೂಪಾಯಿ ದಾಟಿದ ಮೇಲೆ ಮಾಲೀಕರು ಕೊಡಿಸಿದ ಗುಂಪು ಆರೋಗ್ಯ ವಿಮೆಗೆ ಬಂದೆ. ಎರಡರಲ್ಲೂ ಮನೆಯವರಿಗೆ ಚಿಕಿತ್ಸೆ ಮಾಡಿಸಿದ್ದೇನೆ, ಎರಡರ ಖರ್ಚನ್ನೂ ಬರೆದಿಟ್ಟಿದ್ದೇನೆ. ವಿಮೆಯ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಮೂರು ಲಕ್ಷವೋ ಐದು ಲಕ್ಷವೋ ಎಂದು ಕೇಳುತ್ತಾರೆಯೇ ಹೊರತು ಹಲ್ಲು ಅದರೊಳಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಮೊದಲು ಇಎಸ್‌ಐ ಖರ್ಚು. 2019ರ ಜುಲೈಯಿಂದ ನೌಕರನ ವಂತಿಗೆ ಸಂಬಳದ ಶೇಕಡಾ 0.75, ಮಾಲೀಕರದು ಶೇಕಡಾ 3.25. ನನ್ನ ಸಂಬಳ 20,800 ಇದ್ದಾಗ ಪಗಾರ ಚೀಟಿಯಲ್ಲಿ ಕಡಿತವಾಗುತ್ತಿದ್ದದ್ದು 156 ರೂಪಾಯಿ, ಮಾಲೀಕರು ಕಟ್ಟುತ್ತಿದ್ದದ್ದು 676 ರೂಪಾಯಿ. ಇಬ್ಬರದೂ ಸೇರಿ ವರ್ಷಕ್ಕೆ 9,984. ಈ ಹಣಕ್ಕೆ ನಾನು, ಹೆಂಡತಿ, ಇಬ್ಬರು ಮಕ್ಕಳು, ನನ್ನನ್ನೇ ಅವಲಂಬಿಸಿರುವ ತಂದೆ-ತಾಯಿ ಎಲ್ಲರೂ ಒಳಗೊಂಡಿದ್ದೆವು. ಚಿಕಿತ್ಸೆಯ ವೆಚ್ಚಕ್ಕೆ ಇಷ್ಟೇ ಎಂಬ ಮಿತಿಯಿಲ್ಲ. ಕಾಯಿಲೆಯಿಂದ ಕೆಲಸ ತಪ್ಪಿದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70ರಷ್ಟು ನಗದು ನೆರವೂ ಉಂಟು. ಖಾಸಗಿ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಈ ಕೊನೆಯ ಸೌಲಭ್ಯಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ಕಲಬುರಗಿಯವರಿಗೆ ಇನ್ನೊಂದು ಅನುಕೂಲವಿದೆ. ಸೇಡಂ ರಸ್ತೆಯಲ್ಲಿ ಇಎಸ್‌ಐ ನಿಗಮದ್ದೇ ವೈದ್ಯಕೀಯ ಕಾಲೇಜು, ಆಸ್ಪತ್ರೆ ಮತ್ತು ದಂತ ವೈದ್ಯಕೀಯ ಕಾಲೇಜು ಇವೆ. ನನ್ನ ಹೆಂಡತಿಯ ಬಲ ಕೆಳದವಡೆಯ ಹಲ್ಲು ಹುಳುಕಾಗಿ, ತಣ್ಣೀರು ತಾಕಿದರೂ ಕೆನ್ನೆ ಹಿಡಿದುಕೊಂಡು ಕೂರುವಂತಾದಾಗ ಅಲ್ಲಿಗೇ ಹೋದೆವು. ಎಕ್ಸ್‌ರೇ ತೆಗೆದು, ಮೂರು ಭೇಟಿಗಳಲ್ಲಿ ರೂಟ್ ಕೆನಾಲ್ ಮುಗಿಸಿದರು. ಕಲಿಯುತ್ತಿದ್ದ ಹುಡುಗಿ ಹಲ್ಲಿನ ಬೇರಿನ ಉದ್ದ ಅಳೆದು ಚೀಟಿಯಲ್ಲಿ ಬರೆಯುವುದು, ಹಿರಿಯ ವೈದ್ಯರು ಬಂದು ಕನ್ನಡಿ ಹಿಡಿದು ಮತ್ತೊಮ್ಮೆ ನೋಡುವುದು, ಹೀಗೆ ಸಾವಧಾನವಾಗಿ ಕೆಲಸ ನಡೆಯಿತು. ಮೂರು ದಿನವೂ ನಾವು ಹಣ ಕೊಡಲಿಲ್ಲ. ಆ ಹಲ್ಲಿನಿಂದ ಆಕೆ ಇಂದಿಗೂ ಕಟಕ್ ರೊಟ್ಟಿ ತಿನ್ನುತ್ತಾಳೆ.

2023ರ ಜುಲೈನಲ್ಲಿ ಸಂಬಳ ಏರಿತು, ಗುಂಪು ವಿಮೆ ಶುರುವಾಯಿತು. ವಿಮಾ ಮೊತ್ತ 3 ಲಕ್ಷ. ನನಗೆ, ಹೆಂಡತಿಗೆ, ಮಕ್ಕಳಿಗೆ ಪ್ರೀಮಿಯಂ ಮಾಲೀಕರೇ ಕಟ್ಟುತ್ತಾರೆ. ತಂದೆ-ತಾಯಿಯನ್ನು ಸೇರಿಸಿದ್ದಕ್ಕೆ ನನ್ನ ಸಂಬಳದಿಂದ ವರ್ಷಕ್ಕೆ 18,400 ಹೋಗುತ್ತದೆ. ಇದರ ಗುಣವನ್ನೂ ಹೇಳಲೇಬೇಕು. ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ನಾನೇ ಬೇರೆ ಪಾಲಿಸಿ ಮಾಡಿಸಿದ್ದರೆ ಹಳೆಯ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕಾಗಬಹುದಿತ್ತು. ನಮ್ಮ ಗುಂಪು ಪಾಲಿಸಿಯಲ್ಲಿ ಅದು ಮೊದಲ ದಿನದಿಂದಲೇ ಒಳಗೊಂಡಿದೆ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೆಸಿಕೊಂಡು ಓಡಾಡಬೇಕಿಲ್ಲ.

ಆದರೆ ಅವ್ವನ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯ ಬಿಲ್ಲು ನನಗೆ ಪಾಲಿಸಿ ಓದುವುದನ್ನು ಕಲಿಸಿತು. ಕೋಣೆಯ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 3,000 ಮಿತಿ. ಖಾಲಿ ಇದ್ದ ಕೋಣೆ 4,500ರದು. ಹೆಚ್ಚಿನ 1,500 ನಾನು ಕೊಟ್ಟರಾಯಿತು ಎಂದುಕೊಂಡು ಸಹಿ ಹಾಕಿದೆ. ಒಟ್ಟು ಬಿಲ್ಲು 84,000 ಬಂತು. ಕೋಣೆಯ ಮಿತಿ ಮೀರಿದ್ದರಿಂದ ನಾಲ್ಕು ದಿನದ ಬಾಡಿಗೆ 18,000ದಲ್ಲಿ 12,000 ಮಾತ್ರ ಒಪ್ಪಿದರು. ಅಷ್ಟೇ ಅಲ್ಲ, ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಥಿಯೇಟರ್ ಬಾಡಿಗೆ, ಶುಶ್ರೂಷೆ ಸೇರಿದ 42,000ವನ್ನೂ ಅದೇ ಪ್ರಮಾಣದಲ್ಲಿ 28,000ಕ್ಕೆ ಇಳಿಸಿದರು. ಔಷಧಿ ಮತ್ತು ತಪಾಸಣೆಯ 24,000ಕ್ಕೆ ಈ ಕಡಿತ ಅನ್ವಯಿಸುವುದಿಲ್ಲ. ಆದರೂ ಕೈಗವಸು, ಮಾಸ್ಕ್ ಮೊದಲಾದ 3,000ದ ವಸ್ತುಗಳು ಪಾಲಿಸಿಗೆ ಸೇರುವುದಿಲ್ಲವೆಂದು ತೆಗೆದರು. ಉಳಿದ 61,000ದಲ್ಲಿ ತಂದೆ-ತಾಯಿಗೆ ಶೇಕಡಾ 10 ನಾವೇ ಭರಿಸಬೇಕೆಂಬ ಷರತ್ತಿನಂತೆ 6,100 ಹೋಗಿ, ವಿಮೆಯಿಂದ ಬಂದದ್ದು 54,900. ನನ್ನ ಕೈಯಿಂದ 29,100. ಕೋಣೆಯೊಂದನ್ನು 3,000ದೊಳಗೆ ಹುಡುಕಿದ್ದರೆ ಇದರಲ್ಲಿ 18,600 ರೂಪಾಯಿ ಉಳಿಯುತ್ತಿತ್ತು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೂತವರು ದಾಖಲು ಮಾಡಿಕೊಳ್ಳುವಾಗ ಈ ಒಂದು ಮಾತು ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಇನ್ನು ಹಲ್ಲು. 2024ರ ಆಗಸ್ಟಿನಲ್ಲಿ ನನ್ನದೇ ದವಡೆ ಹಲ್ಲು ನೋಯತೊಡಗಿತು. ಗುಂಪು ಪಾಲಿಸಿಯಲ್ಲಿ ಹಲ್ಲಿನ ಚಿಕಿತ್ಸೆಗೆ ಒಂದೇ ಸಾಲು ಇದೆ: ಅಪಘಾತದಿಂದ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಹುಳುಕು, ವಸಡಿನ ರೋಗ, ರೂಟ್ ಕೆನಾಲ್, ಕ್ಯಾಪ್, ಕಟ್ಟುಹಲ್ಲು ಯಾವುದೂ ಇಲ್ಲ. ಸೇಡಂ ರಸ್ತೆಗೆ ಹೋಗಿ ಹಳೆಯ ಕಾರ್ಡು ತೋರಿಸಿದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, "ಚಂದಾ ನಿಂತದರಿ ಅಣ್ಣಾರ, ಜೂನಿಗೇ ಮುಗದದ ನಿಮ್ದು" ಎಂದು ಸಮಾಧಾನದಿಂದಲೇ ಹೇಳಿದರು. ಕೊನೆಗೆ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್‌ಗೆ 4,500, ಕ್ಯಾಪ್‌ಗೆ 5,000 ಕೊಟ್ಟೆ.

ಜೂನ್ ಎಂದು ಅವರು ಹೇಳಿದ್ದರ ಅರ್ಥವನ್ನು ಪ್ರತಿಯೊಬ್ಬ ನೌಕರನೂ ತಿಳಿದಿರಬೇಕು. ಇಎಸ್‌ಐ ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಕಡಿತವಾಗುತ್ತದೆ. ಮೊದಲ ಅವಧಿಯ ವಂತಿಗೆಗೆ ಮರುವರ್ಷದ ಜನವರಿಯಿಂದ ಜೂನ್ 30ರವರೆಗೆ, ಎರಡನೆಯದಕ್ಕೆ ಜುಲೈಯಿಂದ ಡಿಸೆಂಬರ್ 31ರವರೆಗೆ ಸೌಲಭ್ಯ ಸಿಗುತ್ತದೆ. ಅಂದರೆ ವಂತಿಗೆ ನಿಂತ ಮೇಲೂ ನನಗೆ ಒಂಬತ್ತು ತಿಂಗಳು ಸಮಯವಿತ್ತು. ಆ ಒಂಬತ್ತು ತಿಂಗಳಲ್ಲಿ ಒಮ್ಮೆ ಹೋಗಿ ಹಲ್ಲು ತೋರಿಸಿದ್ದರೆ ಹುಳುಕು ಸಣ್ಣದಿರುವಾಗಲೇ ತುಂಬುತ್ತಿದ್ದರು.

ಕಲಬುರಗಿ, ಯಾದಗಿರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದುಗಟ್ಟಿವೆ; ಮಿಲ್ಲಿನ ಹಮಾಲರಲ್ಲಿ ತಂಬಾಕು-ಸುಣ್ಣ ಬಾಯಿಗಿಡದವರು ಕಡಿಮೆ. ಇಂಥ ಊರಿನಲ್ಲಿ ಹಲ್ಲನ್ನು ಹೊರಗಿಟ್ಟ ಆರೋಗ್ಯ ವಿಮೆಯನ್ನು ನಾನು ಪೂರ್ಣ ವಿಮೆ ಎಂದು ಒಪ್ಪಲಾರೆ. 21,000ದ ಒಳಗಿರುವವರಿಗೆ ಇಎಸ್‌ಐ ನಿಸ್ಸಂಶಯವಾಗಿ ಮೇಲು. ಅದನ್ನು ದಾಟಿದವರಿಗೆ, ಅದರಲ್ಲೂ ವಯಸ್ಸಾದ ತಂದೆ-ತಾಯಿ ಇದ್ದವರಿಗೆ, ಗುಂಪು ವಿಮೆ ಬೇಕೇ ಬೇಕು. ಆದರೆ ಕೋಣೆಯ ಮಿತಿ ಮತ್ತು ಹಲ್ಲು, ಈ ಎರಡನ್ನು ನವೀಕರಣಕ್ಕೆ ಮುಂಚೆ ಮಾಲೀಕರ ಬಳಿ ಮಾತನಾಡಿ ಸರಿಪಡಿಸಿಕೊಳ್ಳಬೇಕು. ನಮ್ಮ ಮಾಲೀಕರು ಈ ಬಾರಿ ಕೋಣೆಯ ಮಿತಿಯನ್ನು ಶೇಕಡಾ 2ಕ್ಕೆ ಏರಿಸಲು ಒಪ್ಪಿದ್ದಾರೆ. ಹೊರರೋಗಿ ಹಲ್ಲಿನ ಚಿಕಿತ್ಸೆಯನ್ನು ಸೇರಿಸಲು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಈ ಏಪ್ರಿಲ್‌ನಲ್ಲಿ ನಮ್ಮ ಗೋದಾಮಿನ ಮೇಲ್ವಿಚಾರಕನ ಸಂಬಳ 21,000 ದಾಟಿತು. ಅವನ ಕಾರ್ಡು ಡಿಸೆಂಬರ್ 31ರವರೆಗೆ ನಡೆಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಕಳೆದ ಸೋಮವಾರ ಅರ್ಧ ದಿನ ರಜೆ ಹಾಕಿ, ಮಗಳನ್ನು ಸೇಡಂ ರಸ್ತೆಗೆ ಕರೆದುಕೊಂಡು ಹೋಗಿ, ಎರಡು ಹುಳುಕು ಹಲ್ಲು ತುಂಬಿಸಿಕೊಂಡು ಬಂದ.