ಎಡಿಟಿಂಗ್ ಸರ್ವಿಸ್, ಆನ್‌ಲೈನ್ ಕೋರ್ಸ್, ಶನಿವಾರದ ಚುರುಮುರಿ: ಪೇಪರ್ ಬರೆಯೋದನ್ನ ನಾನು ಎಲ್ಲಿ ಕಲಿತೆ

ಮೊದಲೇ ಹೇಳಿಬಿಡುತ್ತೇನೆ, ಸಂಶೋಧನಾ ಪೇಪರ್ ಬರೆಯೋದನ್ನ ಕಲಿಸೋದರಲ್ಲಿ ಗೆದ್ದಿದ್ದು ಶನಿವಾರದ ಚುರುಮುರಿ ಗುಂಪು, ಅಂದರೆ ನಾವು ಮೂವರು ಒಬ್ಬರ ಬರಹ ಇನ್ನೊಬ್ಬರು ಓದೋ ಕೂಟ. ಸೋತ ಎಡಿಟಿಂಗ್ ಸರ್ವಿಸ್‌ಗೆ ನಾನು 14,000 ರೂಪಾಯಿ ಸುರಿದಿದ್ದೆ. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗೋ ಫೆಲೋಶಿಪ್) ತಿಂಗಳಿಗೆ 37,000 ಬರುತ್ತಲ್ವಾ ಅಂತ ನೀವು ಕೇಳಬಹುದು. ಬಾಡಿಗೆ ಕಟ್ಟಿ ಮನೆಗೆ ಕಳಿಸಿದ ಮೇಲೆ ಉಳಿಯೋದರಲ್ಲಿ 14,000 ಅಂದರೆ ಹೊಟ್ಟೆ ಉರಿಯುತ್ತದೆ.

ನನ್ನ ಪಿಎಚ್‌ಡಿ ಇನ್ಫರ್ಮೇಶನ್ ರಿಟ್ರೀವಲ್‌ನಲ್ಲಿ. ಕನ್ನಡ ದಾಖಲೆಗಳಲ್ಲಿ ಬೇಕಾದ್ದು ಹುಡುಕಿದರೆ ಸಿಗೋ ಹಾಗೆ ಮಾಡೋದು. ಓದಿದ್ದು ಕನ್ನಡ ಮೀಡಿಯಂ, ಹಾಗಾಗಿ ಮೊದಲ ಪೇಪರ್ ಬರೆದಾಗ ಇಂಗ್ಲಿಷಿನದೇ ಭಯ. ಸೀದಾ ಎಡಿಟಿಂಗ್ ಸರ್ವಿಸ್‌ಗೆ ಕಳಿಸಿದೆ.

ಸುಳ್ಳು ಹೇಳಬಾರದು, ಐದೇ ದಿನದಲ್ಲಿ ವಾಪಸ್ ಬಂತು, ಇಂಗ್ಲಿಷ್ ಫಳಫಳ ಹೊಳೆಯುತ್ತಿತ್ತು. ಆದರೆ ನಾನು ಬರೆದಿದ್ದು ಲೇಟೆಕ್‌ನಲ್ಲಿ (ಸಮೀಕರಣ ಇರೋ ಬರಹಕ್ಕೆ ನಾವು ಬಳಸೋ ಸಾಫ್ಟ್‌ವೇರ್), ಅವರು ಕಳಿಸಿದ್ದು ವರ್ಡ್ ಫೈಲ್. ಪಿಡಿಎಫ್ ತಗೊಂಡು ವರ್ಡ್‌ಗೆ ಬದಲಾಯಿಸಿ ಅದರಲ್ಲಿ ತಿದ್ದಿದ್ದರು. ಸಮೀಕರಣಗಳೆಲ್ಲ ಚೂರುಚೂರು. ಎರಡು ರಾತ್ರಿ ಕೂತು, ಎಡಗಡೆ ವರ್ಡ್, ಬಲಗಡೆ ಲೇಟೆಕ್ ಬರೆಯೋ ವೆಬ್‌ಸೈಟ್ ಓವರ್‌ಲೀಫ್ ಇಟ್ಟುಕೊಂಡು, ಒಂದೊಂದೇ ಸಾಲು ನೋಡಿ ಟೈಪ್ ಮಾಡಿದೆ. ರಾತ್ರಿ ಎರಡು ಗಂಟೆಗೆ ನಕಲು ಮಾಡುವವರು ಅರ್ಥ ಎಲ್ಲಿ ನೋಡುತ್ತಾರೆ?

ಅಲ್ಲೇ ಎಡವಿದ್ದು. ಒಂದೇ ಪದ ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ ಅಂತ ಪ್ರಬಂಧ ಬರೆಸುವಾಗ ಶಾಲೆಯಲ್ಲಿ ಹೇಳುತ್ತಿದ್ದರಲ್ಲ, ಆ ಎಡಿಟರ್ ಕೂಡ ಅದೇ ಪಾಠ ಕಲಿತವರು. ನಾನು ಎಲ್ಲ ಕಡೆ 'ಪ್ರಿಸಿಷನ್' ಅಂತ ಬರೆದಿದ್ದೆ. ಅವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ 'ಆ್ಯಕ್ಯುರಸಿ' ಮಾಡಿಟ್ಟಿದ್ದರು. ಕೇಳೋಕೆ ಎರಡೂ ಒಂದೇ ಥರ. ಆದರೆ ಒಂದು ಲಕ್ಷ ದಾಖಲೆಗಳಲ್ಲಿ ಬೇಕಾದವು ಬರೀ 20 ಇವೆ ಅಂದುಕೊಳ್ಳಿ. ಬೇಡದ 99,980 ದಾಖಲೆಗಳನ್ನು ಬಿಟ್ಟಿದ್ದೂ ಸರಿಯ ಲೆಕ್ಕಕ್ಕೇ ಸೇರೋದರಿಂದ, ಏನೂ ಹುಡುಕಿ ಕೊಡದೆ ಸುಮ್ನೆ ಕೂತ ಪ್ರೋಗ್ರಾಮಿಗೂ ಆ್ಯಕ್ಯುರಸಿ 99.98 ಪರ್ಸೆಂಟ್ ಬರುತ್ತದೆ! ಅದಕ್ಕೇ ನಾವು ಪ್ರಿಸಿಷನ್ ನೋಡೋದು, ಅಂದರೆ ತಂದುಕೊಟ್ಟದ್ದರಲ್ಲಿ ಸರಿಯಾದವು ಎಷ್ಟು ಅಂತ.

ಪೇಪರ್ ಕಳಿಸಿದೆ, ಅದನ್ನು ಪರಿಶೀಲಿಸಿದ ತಜ್ಞರ ರಿವ್ಯೂ ಬಂತು. ಟೇಬಲ್‌ನಲ್ಲಿ ಒಂದು ಹೆಸರು, ಬರಹದಲ್ಲಿ ಇನ್ನೊಂದು, ನಿಜಕ್ಕೂ ಅಳೆದಿದ್ದು ಯಾವುದು ಅಂತ ಕೇಳಿದ್ದರು. ಪೇಪರ್ ರಿಜೆಕ್ಟ್. ಬೇಸ್‌ಲೈನ್ (ನಮ್ಮ ವಿಧಾನವನ್ನು ಹೋಲಿಸಿ ನೋಡೋ ಬೇರೆ ವಿಧಾನಗಳು) ಕೂಡ ಸಾಲದಾಗಿತ್ತು, ಎಲ್ಲವನ್ನೂ ಎಡಿಟರ್ ತಲೆಗೆ ಕಟ್ಟಲ್ಲ. ನಮ್ಮ ಗೈಡ್ ಓದಿ ಹೇಳಿದ್ದು ಇಷ್ಟೇ: "ಪೇಪರಲ್ಲಿ ಪದ ಅಂದ್ರೆ ಪ್ರೋಗ್ರಾಮಿನ ವೇರಿಯಬಲ್ ಇದ್ದ ಹಾಗೆ ಕಣಮ್ಮ. ಅರ್ಧ ದಾರೀಲಿ ಹೆಸರು ಬದಲಾಯಿಸಿದ್ರೆ ಕಂಪೈಲರ್ ಬಿಡುತ್ತಾ?" (ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್.)

ಆಮೇಲೆ ಎಂಟು ವಾರದ ಆನ್‌ಲೈನ್ ಕೋರ್ಸ್. ದುಡ್ಡು ಕಡಿಮೆ, ಪಾಠ ಚೆನ್ನಾಗಿತ್ತು, ಪ್ಯಾರಾದ ಮೊದಲ ವಾಕ್ಯವೇ ಇಡೀ ಪ್ಯಾರಾದ ಭಾರ ಹೊರಬೇಕು ಅನ್ನೋದು ಅಲ್ಲಿ ಕಲಿತಿದ್ದೇ. ಆದರೆ ಉದಾಹರಣೆಗಳೆಲ್ಲ ಜೀವಶಾಸ್ತ್ರ, ವೈದ್ಯಕೀಯದವು. ನಮ್ಮ ಕಂಪ್ಯೂಟರ್ ಸೈನ್ಸ್ ಪೇಪರುಗಳಲ್ಲಿ ಇಂಟ್ರೊಡಕ್ಷನ್ ಮುಗಿಯುವಷ್ಟರಲ್ಲಿ ನಾವು ಹೊಸದಾಗಿ ಮಾಡಿದ್ದೇನು ಅಂತ ಪಟ್ಟಿ ಹಾಕಿಬಿಡುತ್ತೇವಲ್ಲ, ಅದರ ಸುದ್ದಿಯೇ ಇಲ್ಲ. ಅದಕ್ಕೆ ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಸೈಮನ್ ಪೇಟನ್ ಜೋನ್ಸ್ ಅವರ ಉಪನ್ಯಾಸ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೆಲಸ ಮುಗಿಯಲಿ ಅಂತ ಕಾಯಬೇಡಿ, ಮೊದಲು ಪೇಪರ್ ಬರೆಯೋಕೆ ಶುರು ಮಾಡಿ ಅನ್ನುತ್ತಾರೆ. ಒಂದು ಗಂಟೆ ಕೊಟ್ಟರೆ ನಷ್ಟ ಇಲ್ಲ. ಇನ್ನು ಯುಜಿಸಿ 2019ರಲ್ಲಿ ಪಿಎಚ್‌ಡಿಗೆ ಕಡ್ಡಾಯ ಮಾಡಿದ 2 ಕ್ರೆಡಿಟ್ ಕೋರ್ಸ್ ಸಂಶೋಧನೆಯ ನೈತಿಕತೆಯದು, ಅದರಿಂದ ಬರವಣಿಗೆ ಬರುತ್ತದೆ ಅಂದುಕೊಳ್ಳಬೇಡಿ.

ಎಐ ಟೂಲ್? ಕಾಗುಣಿತಕ್ಕೆ, ವ್ಯಾಕರಣಕ್ಕೆ ಬಳಸುತ್ತೇನೆ, ಅಷ್ಟೇ. ಬಳಸುವ ಮೊದಲು ಆಯಾ ಕಾನ್ಫರೆನ್ಸಿನ ನಿಯಮ ಓದಿ.

ಈಗ ಚುರುಮುರಿ. ನಾನು, ನೆಟ್‌ವರ್ಕ್ಸ್‌ನ ಗೆಳತಿ, ಇಮೇಜ್ ಪ್ರೊಸೆಸಿಂಗ್‌ನ ಒಬ್ಬ ಸೀನಿಯರ್ ಅಣ್ಣ. ಶನಿವಾರ ಸಂಜೆ ನಾಲ್ಕಕ್ಕೆ ಕ್ಯಾಂಟೀನ್ ಹಿಂದೆ. ಒಬ್ಬರ ಒಂದು ಪುಟ, ಪ್ರಿಂಟ್ ತಗೊಂಡು ಬರಬೇಕು. ಉಳಿದಿಬ್ಬರು ಓದಿ, ಅರ್ಥ ಆದದ್ದನ್ನು ಕನ್ನಡದಲ್ಲಿ ಹೇಳಬೇಕು. ಬರೆದವರು ಬಾಯಿ ತೆರೆಯೋ ಹಾಗಿಲ್ಲ.

ಗುಟ್ಟು ಇರೋದೇ ಆ 'ಕನ್ನಡದಲ್ಲಿ' ಅನ್ನೋದರಲ್ಲಿ. ಇಂಗ್ಲಿಷ್ ವಾಕ್ಯವನ್ನು ಅರ್ಥ ಆಗದೆಯೂ ಇಂಗ್ಲಿಷಿನಲ್ಲೇ ತಿರುಗಿಸಿ ಹೇಳಿಬಿಡಬಹುದು. ಕನ್ನಡದಲ್ಲಿ ಆ ಆಟ ನಡೆಯಲ್ಲ. ಒಂದು ಸಲ ನಾನು 'ಲೆವರೇಜಸ್ ರೋಬಸ್ಟ್ ಸೆಮ್ಯಾಂಟಿಕ್ ರೆಪ್ರೆಸೆಂಟೇಶನ್ಸ್' ಅಂತ ಗತ್ತಾಗಿ ಬರೆದಿದ್ದೆ. ಗೆಳತಿ ಎರಡು ಸಲ ಓದಿದಳು, ತಲೆ ಕೆರೆದಳು, ನಿಯಮ ಮುರಿದು ನನ್ನನ್ನೇ ಕೇಳಿದಳು, "ಅಂದ್ರೆ ಏನೇ ಮಾಡಿದೆ?" ನಾನು ಹೇಳಿದೆ, "ಮನೆಗೆ, ಮನೆಯಲ್ಲಿ, ಮನೆಯಿಂದ, ಇವುಗಳ ಬಾಲ ಕತ್ತರಿಸಿ ಮನೆ ಅಂತ ಒಂದೇ ಮಾಡಿ ಹುಡುಕಿದೆ ಕಣೇ." "ಮತ್ತೆ ಅದನ್ನೇ ಬರಿ!" ಈಗ ನನ್ನ ಇಂಟ್ರೊಡಕ್ಷನ್‌ನ ಮೂರನೇ ವಾಕ್ಯ ಅದೇ.

ಕೊರತೆ ಇಲ್ಲ ಅಂತಲ್ಲ. ಇಂಗ್ಲಿಷಿನಲ್ಲಿ 'ಎ' ಎಲ್ಲಿ, 'ದ' ಎಲ್ಲಿ ಹಾಕಬೇಕು ಅನ್ನೋದು ನಮ್ಮ ಮೂವರಿಗೂ ಅಷ್ಟಕ್ಕಷ್ಟೇ. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಬಂದರೆ ಉತ್ತರ ಪತ್ರಿಕೆ ತಿದ್ದುತ್ತಾ ಮೂರು ವಾರ ಗುಂಪೇ ಸೇರಲ್ಲ. ಅಣ್ಣ ತನ್ನ ಮದುವೆ ಮಾತುಕತೆ ಶುರು ಮಾಡಿದರೆ ಆ ಸಂಜೆ ಮುಗಿಯಿತು. ಆದರೂ ನನಗೆ ಒಗ್ಗಿದ್ದು ಇದೇ, ಯಾಕೆಂದರೆ ಯಾರಾದರೂ ಕಾಯುತ್ತಿದ್ದರೆ ಮಾತ್ರ ಬರೆಯೋ ಸೋಮಾರಿ ನಾನು. ಬೆಳಿಗ್ಗೆ ಐದಕ್ಕೆದ್ದು ತಾನೇ ಕೂತು ಬರೆಯುವವರಿಗೆ ಕೋರ್ಸೇ ಸಾಕಾಗಬಹುದು.

ಎಡಿಟಿಂಗ್‌ಗೆ ಕೊಡಲೇಬೇಕು ಅಂತಿದ್ದರೆ ಥೀಸಿಸ್ ಪೂರ್ತಿ ಮುಗಿದ ಮೇಲೆ ಕೊಡಿ. ಲೇಟೆಕ್‌ನ ಟೆಕ್ ಫೈಲನ್ನೇ ತಗೊಳ್ತೀರಾ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಮುಟ್ಟಲೇಬಾರದ ಪದಗಳ ಪಟ್ಟಿಯನ್ನೂ ಜೊತೆಗೆ ಕಳಿಸಿ. ನನ್ನ ಪಟ್ಟಿಯಲ್ಲಿ ಈಗ 23 ಪದಗಳಿವೆ, ಮೊದಲನೆಯದು ಪ್ರಿಸಿಷನ್.