ರೋಬೋ ಆಟಕ್ಕೆ ಯಾವ ಭಾಷೆ: ಲುವಾ, ಬ್ಲಾಕ್ಲಿ, ಇಲ್ಲಾ ಸ್ವಂತದ್ದಾ?

ಆಟಗಾರರು ಬರೆದ ಕೋಡ್‌ನಂತೆ ರೋಬೋಗಳು ಕಾದಾಡುವ, 1981ರ ಆಪಲ್ 2 ಕಂಪ್ಯೂಟರ್ ಆಟ ‘ರೋಬಾಟ್‌ವಾರ್’ ಅನ್ನು ಹೊಸದಾಗಿ ಕಟ್ಟಲು ಹೊರಟ ಬಸವನಗುಡಿಯ ಗೆಳೆಯರ ಪ್ರಶ್ನೆ ಇದು: ಆಟಗಾರರು ರೋಬೋಗೆ ಯಾವುದರಲ್ಲಿ ಕೋಡ್ ಬರೆಯಬೇಕು?

ದುಡ್ಡಿನ ಚಿಂತೆ ಇಲ್ಲ. ಲುವಾ (ಆಟಗಳೊಳಗೆ ಸೇರಿಸಿಕೊಳ್ಳಬಹುದಾದ ಪುಟ್ಟ ಪ್ರೋಗ್ರಾಮಿಂಗ್ ಭಾಷೆ), ಬ್ಲಾಕ್ಲಿ (ಬ್ಲಾಕ್‌ಗಳನ್ನು ಜೋಡಿಸಿ ಕೋಡ್ ಮಾಡುವ ಸಾಧನ) ಎರಡೂ ಉಚಿತ, ಓಪನ್ ಸೋರ್ಸ್. ಸ್ವಂತ ಭಾಷೆ ತಿನ್ನುವುದು ನಿಮ್ಮ ಸಮಯವನ್ನು.

ಅಸಲಿ ತಲೆನೋವು ಮುಗಿಯದ ಲೂಪ್, ಅಂದರೆ ಕೊನೆಯಿಲ್ಲದೆ ಮತ್ತೆ ಮತ್ತೆ ಓಡುವ ಕೋಡ್. ಯಾರಾದರೂ ಬರೆದೇ ಬರೆಯುತ್ತಾರೆ, ಆಟ ನಿಂತುಬಿಡುತ್ತದೆ. ಸ್ವಂತ ಭಾಷೆಗೆ ಸ್ವಂತ ಇಂಟರ್‌ಪ್ರಿಟರ್ (ಕೋಡ್ ಓದಿ ನಡೆಸುವ ಪ್ರೋಗ್ರಾಂ) ಆದರೆ ಒಂದು ಟಿಕ್‌ಗೆ, ಅಂದರೆ ಆಟದ ಒಂದು ಹೆಜ್ಜೆಗೆ, ಇಷ್ಟೇ ಆದೇಶ ಅಂತ ಮಿತಿ ಹಾಕಬಹುದು. ಕಡಿಮೆ ಆದೇಶದಲ್ಲಿ ಗೆಲ್ಲುವ ಮಜಾನೂ ಅಲ್ಲೇ ಇರೋದು, ಅಲ್ವಾ? ಲುವಾದಲ್ಲೂ ಕೌಂಟ್ ಹುಕ್ (ಇಷ್ಟು ಆದೇಶ ಓಡಿದ ಮೇಲೆ ನಿಮ್ಮ ಕೋಡ್ ಕರೆಯುವ ಸೌಲಭ್ಯ) ಇಟ್ಟು ತಡೆಯಬಹುದು. ಆದರೆ ಆಟಗಾರರ ಕೋಡ್‌ಗೆ ಸಿಗದಂತೆ, ಫೈಲ್ ಮುಟ್ಟುವ ಲೈಬ್ರರಿಗಳನ್ನು (ಸಿದ್ಧ ಕೋಡ್ ಕಟ್ಟುಗಳನ್ನು) ಮೊದಲೇ ಕಿತ್ತುಹಾಕಿ.

ಸರ್ಕಾರಿ ಶಾಲೆಯ ಮಕ್ಕಳು ಕನ್ನಡದಲ್ಲೇ ಆಡಬೇಕು ಅಂದರೆ ಬ್ಲಾಕ್ಲಿ. ಉದ್ದದ ಪ್ರೋಗ್ರಾಂಗೆ ಮಾತ್ರ ಅದು ಹಿಂಸೆ. ಕೋರಮಂಗಲದ ಐಟಿ ಮಂದಿಗೆ ಲುವಾ ಸಾಕು. ಹಳೇ ಆಟದ ಅಭಿಮಾನಿಗಳಿಗೆ ಸ್ವಂತ ಭಾಷೆ, ನಿಮಗೆ ಬಿಡುವಿದ್ದರೆ.